ಗಣೇಶ ಹಾಲು ಕುಡಿದ ದಿನ ನಾನು ಕಂಡಿದ್ದೇನು?

ಹೋದ ಸಲ ಹಿತಕಿದ ಅವರೆಬೇಳೆ ಸಾರಿನ ವಿಷಯ ಬರೆದಾಗ ತುಂಬ ಜನ ಫೋನ್ ಮಾಡಿದ್ರಿ, ಸಂತೋಷ ಆಯ್ತು. ಈ ಸಲ ಅಡುಗೆ ಅಲ್ಲ. ನಮ್ಮೂರಲ್ಲೇ ನಡೆದ ಒಂದು ಹಳೇ ಕತೆ ಬರೀತೀನಿ. ನಿಮ್ಮಲ್ಲಿ ನಲವತ್ತು ದಾಟಿದೋರಿಗೆಲ್ಲ ನೆನಪಿರುತ್ತೆ. ಬರೆಯೋಕೆ ಕಾರಣ ನನ್ನ ನಾದಿನಿ.

ಹೋದ ತಿಂಗಳು ಅವಳು ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದಿದ್ಲು. ಅವಳಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಕೂತಾಗ "ಮಾತ್ರೆ ತಗೊಂಡ್ಯೇನೆ?" ಅಂದೆ. "ಬಿಟ್ಟಿದೀನಿ ಅತ್ತಿಗೆ, ಮೂರು ವಾರ ಆಯ್ತು" ಅಂದ್ಲು. ಯಾವುದೋ ಊರಿಂದ ತೀರ್ಥ ತರಿಸ್ಕೊಂಡು ಬೆಳಿಗ್ಗೆ ಬರೀ ಹೊಟ್ಟೇಲಿ ಕುಡೀತಿದಾಳಂತೆ. ಅದನ್ನ ಕುಡಿದು ಒಬ್ಬರಿಗೆ ಸಕ್ಕರೆ ಪೂರ್ತಿ ವಾಸಿ ಆಯ್ತಂತೆ. ಕಣ್ಣಾರೆ ನೋಡಿದೋರೇ ಹೇಳಿದಾರಂತೆ.

ನನಗೆ ಸಿಟ್ಟು ಬಂತು, ಬೈದೆ. ಅವಳು ತಟ್ಟೆ ಮುಂದೆ ಕೈ ನಿಲ್ಲಿಸಿ ನನ್ನ ಮುಖ ನೋಡಿದ್ಲು. "ಇಂಥದ್ದೆಲ್ಲ ಆಗಲ್ಲ ಅಂತ ನೀವು ಹೇಳ್ತೀರಾ ಅತ್ತಿಗೆ? ಗಣೇಶ ಹಾಲು ಕುಡಿದಿದ್ದನ್ನ ಕಣ್ಣಾರೆ ನೋಡಿದೀನಿ ಅಂತ ನನಗೆ ಹೇಳಿದೋರು ನೀವೇ ಅಲ್ವಾ?" ಅಂದ್ಲು.

ನನಗೆ ಬಾಯೇ ಬರಲಿಲ್ಲ. ಹೌದು, ಹೇಳಿದ್ದೆ. ಅವಳೊಬ್ಬಳಿಗೇ ಅಲ್ಲ, ಹೆಚ್ಚೂಕಮ್ಮಿ ಮೂವತ್ತು ವರ್ಷದಿಂದ ಮದುವೆಮನೇಲಿ, ಬಾಣಂತಿ ಹತ್ರ ಕೂತಾಗ, ಹೂವು ಕಟ್ಟುವಾಗ ಎಲ್ಲ ಕಡೆ ಹೇಳ್ಕೊಂಡು ಬಂದಿದೀನಿ. ಇದನ್ನ ಓದ್ತಿರೋ ನಿಮ್ಮಲ್ಲೂ ಎಷ್ಟೋ ಜನ ನನ್ನ ಬಾಯಿಂದಲೇ ಕೇಳಿದೀರ. ಹಾಗಾಗಿ ಆ ದಿನ ನಾನು ನಿಜವಾಗಿ ಏನು ಕಂಡೆ ಅನ್ನೋದನ್ನ ಸರಿಯಾಗಿ ಬರೆದಿಡಬೇಕು ಅನ್ನಿಸ್ತು.

ಅದು 1995ನೇ ಇಸವಿ ಸೆಪ್ಟೆಂಬರ್ 21, ಗುರುವಾರ. ಪಿತೃಪಕ್ಷ ನಡೀತಿತ್ತು, ಅಮಾವಾಸ್ಯೆಗೆ ಮೂರು ದಿನ ಇತ್ತು. ಹಿರಿಯರಿಗೆ ಎಡೆ ಇಡೋ ಹಬ್ಬ ಅಂತ ಮನೆ ತೊಳೆಯೋದು, ಪಾತ್ರೆ ಬೆಳಗೋದು ನಡೆದಿತ್ತು. ನಾನು ವಿಜಯಪುರಕ್ಕೆ ಸೊಸೆಯಾಗಿ ಬಂದು ನಾಲ್ಕು ವರ್ಷ, ಮಗಳಿಗೆ ಎರಡು ವರ್ಷ. ಆವಾಗ ನಮ್ಮನೇಲಿ ರೇಷ್ಮೆ ನೂಲು ಬಿಚ್ಚೋ ಚರಕ ಇತ್ತು. ನಮ್ಮೂರಲ್ಲಿ ಎಷ್ಟು ಮನೇಲಿ ಇತ್ತು ಅಂತ ನಿಮಗೇ ಗೊತ್ತು, ಬೀದಿ ತುಂಬ ಗೂಡು ಬೇಯೋ ವಾಸನೆ. ಯಜಮಾನರು ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋದೋರು ಗೂಡು ತರೋ ಬದಲು ಸುದ್ದಿ ತಂದ್ರು. ಗಣೇಶ ಹಾಲು ಕುಡೀತಿದಾನಂತೆ, ಬೆಂಗಳೂರಲ್ಲೆಲ್ಲ ಸಾಲು ನಿಂತಿದಾರಂತೆ.

ಆಮೇಲೆ ಪೇಪರಲ್ಲಿ ಬಂದ ಪ್ರಕಾರ ಅದು ಶುರುವಾಗಿದ್ದು ದಿಲ್ಲೀಲಿ, ಬೆಳಗಿನ ಜಾವ ಒಂದು ಗುಡೀಲಿ. ಮಧ್ಯಾಹ್ನದೊಳಗೆ ದೇಶವೆಲ್ಲ ಹಬ್ಬಿತು, ಅದೇ ದಿನ ಲಂಡನ್ನಿನ ಗುಡಿಗಳಿಗೂ ಹೋಯ್ತು. ಆಗ ವಾಟ್ಸಾಪ್ ಇಲ್ಲ, ಮೊಬೈಲು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಸುದ್ದಿ ಓಡಿದ್ದೆಲ್ಲ ಮನೆ ಫೋನು, ಎಸ್‌ಟಿಡಿ ಬೂತಿನಲ್ಲಿ. ನಮ್ಮ ಬೀದಿ ಕೊನೇಲಿದ್ದ ಬೂತಿನ ಮುಂದೆ ಅವತ್ತು ಗುಡಿ ಮುಂದೆ ಇದ್ದಷ್ಟೇ ಜನ.

ನಾನೂ ನನ್ನ ವಾರಗಿತ್ತಿ ಅಕ್ಕನೂ ಒಂದು ಚೊಂಬು ಹಾಲು ತಗೊಂಡು ಗುಡಿಗೆ ಹೋದ್ವಿ. ಇಲ್ಲಿಂದ ಮುಂದೆ ನಾನು ಮೂವತ್ತು ವರ್ಷ ಹೇಳಿದ ಕತೆ ಹೀಗೆ: ನಾನು ಬೆಳ್ಳಿ ಚಮಚದಲ್ಲಿ ಹಾಲು ತುಂಬಿ ಗಣೇಶನ ಸೊಂಡಿಲ ಹತ್ರ ಹಿಡಿದೆ. ಕೈ ಅಲ್ಲಾಡಿಸಲಿಲ್ಲ, ಬಗ್ಗಿಸಲಿಲ್ಲ. ಹಾಲು ಸುರ್ ಅಂತ ಮೇಲಕ್ಕೆ ಎಳ್ಕೊಂಡು ಹೋಯ್ತು, ಚಮಚ ಖಾಲಿ. ನನ್ನ ಮೈಯೆಲ್ಲ ಜುಂ ಅಂತು.

ಅವತ್ತು ಸಂಜೆ ನಮ್ಮತ್ತೆ ಗುಡಿಗೆ ಹೋದ್ರು. ಅವರೇನೂ ದೇವರು ದಿಂಡರು ಇಲ್ಲ ಅನ್ನೋ ಪೈಕಿ ಅಲ್ಲ. ಸೋಮವಾರ ಒಪ್ಪೊತ್ತು, ಶನಿವಾರ ತಲೆಗೆ ನೀರು ಹಾಕ್ಕೊಂಡು ಪೂಜೆ ಮಾಡದೆ ಬಾಯಿಗೆ ನೀರೂ ಬಿಡದೋರು. ಹೋದೋರು ಹಾಲು ಕುಡಿಸಲೇ ಇಲ್ಲ. ದೇವರ ಹೊಟ್ಟೆ ಮೇಲೆ ಸೆರಗಿನ ತುದಿ ಒತ್ತಿ ನೋಡಿ ವಾಪಸ್ ಬಂದ್ರು. ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗು ನನ್ನ ಮೂಗಿಗೆ ಹಿಡಿದು, "ಏನಮ್ಮಿ, ಕುಡಿದೋನಿಗೆ ಹಾಲು ಹೊಟ್ಟೆ ಒಳಗೆ ಇರ್ಬೇಕು. ಹೊರಗೆ ಯಾಕೆ ಒದ್ದೆ? ಕೆಳಗೆ ಮೋರಿ ತುಂಬ ಹಾಲು ಹರೀತಿದೆ, ಇರುವೆ ಸಾಲು ಕಟ್ಟಿವೆ. ಮಕ್ಕಳಿಗೆ ಹುಯ್ಯೋ ಹಾಲು" ಅಂದ್ರು. ನನಗೆ ಕೋಪ ಬಂದಿತ್ತು. ಇವರಿಗೆ ಭಕ್ತಿ ಇಲ್ಲ ಅಂದ್ಕೊಂಡೆ.

ಅಷ್ಟರಲ್ಲಿ ದಿಲ್ಲೀಲಿ ಸರ್ಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ಅದೇ ಥರ ಹಿಡಿದು ನೋಡಿದ್ರು. ಬಣ್ಣದ ಹಾಲು ಚಮಚದ ಅಂಚಿಂದ ವಿಗ್ರಹದ ಮೈಗೆ ಅಂಟ್ಕೊಂಡು ತೆಳ್ಳಗೆ ಕೆಳಗೆ ಇಳಿಯೋದು ಎಲ್ಲರಿಗೂ ಕಾಣಿಸ್ತು. ಬಿಳೀ ಹಾಲು ಒದ್ದೆ ಕಲ್ಲಿನ ಮೇಲೆ ಪೊರೆ ಥರ ಇಳಿದ್ರೆ ಕಾಣಲ್ಲ, ಬಣ್ಣ ಇದ್ರೆ ಕಾಣುತ್ತೆ. ಇದಕ್ಕೆ ಮೇಲ್ಮೈ ಎಳೆತ ಅಂತ ಹೆಸರು ಹೇಳಿದ್ರು. ಹೆಸರು ಹೊಸದಾದ್ರೂ ವಿಷಯ ನಮಗೆ ಗೊತ್ತಿರೋದೇ. ಮೂತಿ ಇಲ್ಲದ ಪಾತ್ರೆಯಿಂದ ಸಾರು ಮೆಲ್ಲಗೆ ಬಗ್ಗಿಸಿ ನೋಡಿ. ಅದು ಬಟ್ಟಲಿಗೆ ಬೀಳದೆ ಪಾತ್ರೆಯ ಹೊರಮೈಗೆ ಅಂಟ್ಕೊಂಡು ತಳಕ್ಕೆ ಇಳಿಯುತ್ತೆ, ಕಟ್ಟೆಯೆಲ್ಲ ಸಾರು. ಅತ್ತೆ ಸೆರಗು ಒತ್ತಿ ಕಂಡ್ಕೊಂಡಿದ್ದೂ ಅದನ್ನೇ. ಅವರು ಓದಿದ್ದು ನಾಲ್ಕನೇ ಕ್ಲಾಸು.

ಇಷ್ಟು ಗೊತ್ತಿದ್ರೂ ನಾನು ಕತೆ ಹೇಳೋದು ಬಿಡಲಿಲ್ಲ. ವಿಜ್ಞಾನಿಗಳು ಏನಾದ್ರೂ ಹೇಳ್ಲಿ, ನನ್ನ ಕೈಲಿದ್ದ ಚಮಚ ಖಾಲಿ ಆಗಿದ್ದನ್ನ ನಾನು ನೋಡಿದೀನಲ್ಲ ಅನ್ನೋ ಧೈರ್ಯ.

ನಾದಿನಿ ಆ ಮಾತು ಹೇಳಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ವಾರಗಿತ್ತಿ ಅಕ್ಕನಿಗೆ ಫೋನ್ ಮಾಡಿದೆ. ಅವರು ಈಗ ಮಗನ ಜೊತೆ ದೊಡ್ಡಬಳ್ಳಾಪುರದಲ್ಲಿದಾರೆ. "ಅಕ್ಕ, ಅವತ್ತು ಗುಡೀಲಿ ಏನಾಯ್ತು ಹೇಳಿ" ಅಂದೆ, ನನ್ನ ಕತೆ ಹೇಳಲಿಲ್ಲ. ಅವರು ಹೇಳಿದ್ದು ಕೇಳಿ ನಾನು ಕೂತುಬಿಟ್ಟೆ. "ನೀನೆಲ್ಲೇ ಕುಡಿಸ್ದೆ? ನಿನ್ನ ಮಗಳು ಜನ ನೋಡಿ ಕಿರುಚ್ತಿದ್ಲು, ಸೊಂಟದ ಮೇಲೆ ಎತ್ತ್ಕೊಂಡು ನನ್ನ ಹಿಂದೆ ನಿಂತಿದ್ದೆ. ಕುಡಿಸಿದ್ದು ನಾನು. ಅರ್ಧ ಹಾಲು ನನ್ನ ಮೊಣಕೈಗೇ ಇಳೀತು. ಎಲ್ರೂ ಕುಡಿದ ಕುಡಿದ ಅಂದ್ರು, ನಾನೂ ಅಂದೆ."

ಅವರೇ ಮರೆತಿರಬಹುದು ಅಂತ ನಾನು ವಾದ ಮಾಡಿದೆ. ಬೆಳ್ಳಿ ಚಮಚ ನನ್ನ ಕೈಲಿತ್ತು ಅಕ್ಕ, ಈಗಲೂ ಕಣ್ಣಿಗೆ ಕಟ್ಟಿದಂಗಿದೆ ಅಂದೆ. "ಯಾವ ಬೆಳ್ಳಿ ಚಮಚನೇ?" ಅಂದ್ರು. ಅಲ್ಲಿಗೆ ನನ್ನ ವಾದ ಮುಗೀತು. ನಮ್ಮನೇಲಿ ಇರೋದು ಒಂದೇ ಬೆಳ್ಳಿ ಚಮಚ. ಅದನ್ನ ನಮ್ಮಮ್ಮ ಕೊಟ್ಟಿದ್ದು ನನ್ನ ಮಗನ ನಾಮಕರಣಕ್ಕೆ, 1997ರಲ್ಲಿ. ಹಿಂಭಾಗದಲ್ಲಿ ಅವನ ಹೆಸರು ಕೆತ್ತಿಸಿದೆ. ಗಣೇಶ ಹಾಲು ಕುಡಿದಾಗ ಆ ಚಮಚವೂ ಇರಲಿಲ್ಲ, ಮಗನೂ ಹುಟ್ಟಿರಲಿಲ್ಲ.

ದೇವರ ಮೇಲಾಣೆ, ನಾನು ಬೇಕಂತ ಸುಳ್ಳು ಹೇಳಿದೋಳಲ್ಲ. ಅಕ್ಕ ಕುಡಿಸಿದ್ದು ಹೇಳ್ತಾ ಹೇಳ್ತಾ ನಾವು ಕುಡಿಸಿದ್ದಾಯ್ತು, ಆಮೇಲೆ ನಾನು ಕುಡಿಸಿದ್ದಾಯ್ತು. ಎಲ್ಲೋ ಒಂದು ವರ್ಷ ಸ್ಟೀಲ್ ಚಮಚ ಹೋಗಿ ಬೆಳ್ಳಿದು ಬಂತು. ಪ್ರತಿ ಸಲ ಹೇಳಿದಾಗಲೂ ನನಗೆ ನೆನಪಾಗ್ತಿದ್ದಿದ್ದು ಗುಡೀಲಿ ಕಂಡಿದ್ದಲ್ಲ, ಹಿಂದಿನ ಸಲ ಹೇಳಿದ್ದು.

ಇದನ್ನ ಮಗಳಿಗೆ ಹೇಳಿದಾಗ ಅವಳು ಬಿ.ಎಡ್. ಓದುವಾಗಿನ ಒಂದು ಪಾಠ ಹೇಳಿದ್ಲು. ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಅಂತ ಒಬ್ಬ ಹೆಂಗಸು, ನೆನಪಿನ ವಿಷಯ ಓದಿದೋರು. 1974ರಲ್ಲಿ ಅವರೂ ಅವರ ಜೊತೆಗಾರರೂ ಕಾಲೇಜು ಹುಡುಗರಿಗೆ ಕಾರುಗಳು ಗುದ್ದಾಡೋ ಸಿನಿಮಾ ತೋರಿಸಿದ್ರು. ಕಾರು "ತಗಲಿದಾಗ" ಎಷ್ಟು ಸ್ಪೀಡಲ್ಲಿತ್ತು ಅಂತ 50 ಜನಕ್ಕೆ ಕೇಳಿದ್ರು, "ಅಪ್ಪಚ್ಚಿ ಆಗೋ ಹಂಗೆ ಗುದ್ದಿದಾಗ" ಎಷ್ಟಿತ್ತು ಅಂತ ಇನ್ನೊಂದು 50 ಜನಕ್ಕೆ ಕೇಳಿದ್ರು. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದ್ರಾ ಅಂತ ಕೇಳಿದ್ರೆ ಮೊದಲನೇ ಗುಂಪಲ್ಲಿ 7 ಜನ, ಎರಡನೇ ಗುಂಪಲ್ಲಿ 16 ಜನ ನೋಡಿದ್ವಿ ಅಂದ್ರು. ಸಿನಿಮಾದಲ್ಲಿ ಗಾಜು ಒಡೆದೇ ಇರಲಿಲ್ಲ. ಕೇಳಿದ ಒಂದು ಮಾತಿಗೆ, ಒಂದೇ ವಾರದಲ್ಲಿ ಇಲ್ಲದ ಗಾಜು ಕಂಡುಬಿಡ್ತು. ನನಗೆ ಮೂವತ್ತು ವರ್ಷ ಇತ್ತಲ್ಲ, ಬೆಳ್ಳಿ ಚಮಚ ಬಂದಿದ್ದು ಹೆಚ್ಚಲ್ಲ ಬಿಡಿ.

ಹಾಗಂತ ನೋಡಿದೋರೆಲ್ಲ ತಪ್ಪು ನೆನಪು ಇಟ್ಕೊಂಡಿರ್ತಾರೆ ಅಂತಲೂ ಅಲ್ಲ. ಕಂಡಿದ್ದು ಸರಿಯಾಗೇ ಇದ್ದು, ಕಾಣದೆ ಉಳಿದಿದ್ದು ಬೇರೆ ಇರುತ್ತೆ. ಇದಕ್ಕೆ ನಮ್ಮ ಕಡೆಯೋರೇ ಆದ ಎಚ್. ನರಸಿಂಹಯ್ಯನವರ ಕತೆ ಹೇಳ್ಬೇಕು. ದೊಡ್ಡಬಳ್ಳಾಪುರ ದಾಟಿದ್ರೆ ಗೌರಿಬಿದನೂರು, ಆ ತಾಲ್ಲೂಕಿನ ಹೊಸೂರು ಅವರ ಊರು. 1920ರಲ್ಲಿ ಬಡವರ ಮನೇಲಿ ಹುಟ್ಟಿ, ಸ್ವಾತಂತ್ರ್ಯ ಚಳವಳೀಲಿ ಜೈಲಿಗೂ ಹೋಗಿ, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ತಗೊಂಡು ಬಂದೋರು. ಮದುವೆ ಆಗಲಿಲ್ಲ. ಖಾದಿ ಹಾಕ್ಕೊಂಡು ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಲ್ಲೇ ಜೀವನ ಕಳೆದ್ರು. 2005ರ ಜನವರೀಲಿ ತೀರಿಕೊಂಡ್ರು.

1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದ್ರು. ಗಾಳೀಲಿ ಕೈ ಆಡಿಸಿ ವಿಭೂತಿ ಕೊಡ್ತಾರೆ ಅಂತ ದೊಡ್ಡ ಹೆಸರಿದ್ದ ಸತ್ಯಸಾಯಿ ಬಾಬಾ ಅವರಿಗೂ ಪತ್ರ ಬರೆದು, ನಮ್ಮೆದುರು ಪರೀಕ್ಷೆಗೆ ಒಪ್ಪಿ ತೋರಿಸಿ ಅಂತ ಕೇಳಿದ್ರು. ಆ ಪರೀಕ್ಷೆ ನಡೀಲಿಲ್ಲ. ಪಾಂಡವಪುರದಲ್ಲಿ ಒಬ್ಬ ಸಣ್ಣ ಹುಡುಗ ಹಂಗೇ ವಿಭೂತಿ ತರಿಸ್ತಾನೆ ಅಂತ ಸುದ್ದಿ ಇತ್ತು, ಜನ ಮುಗಿಬೀಳ್ತಿದ್ರು. ಸಮಿತಿಯೋರು ಹೋಗಿ ನೋಡಿದಾಗ ವಿಭೂತಿ ಅವನ ಬಟ್ಟೆ ಒಳಗೇ ಅಡಗಿಸಿತ್ತು.

ಅದಕ್ಕೆ ಮುಂಚೆ ಅಲ್ಲಿ ಹೋಗಿ ಬಂದೋರು ಏನು ಹೇಳ್ತಿದ್ರು ಯೋಚಿಸಿ. ಕೈ ಖಾಲಿ ಇತ್ತು, ಆಮೇಲೆ ವಿಭೂತಿ ಬಂತು. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅವರು ಅಂಗಿ ಒಳಗೆ ನೋಡಿರಲಿಲ್ಲ, ಅಷ್ಟೇ. ನೋಡ್ಬೇಕು ಅಂತ ಹೊಳೆದಿದ್ರೂ ದೇವರ ಮಗೂನ ಅನುಮಾನಿಸೋದು ಹೆಂಗೆ ಅಂತ ಸುಮ್ಮನಾಗಿರ್ತಾರೆ. ನರಸಿಂಹಯ್ಯನವರಿಗೂ ಆಗ ಬೈಗುಳ ಕಮ್ಮಿ ಬೀಳಲಿಲ್ಲ. ಅದೇ 1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿ ಮಾಡಿ, ವೈಜ್ಞಾನಿಕ ಮನೋಭಾವ ಬೆಳೆಸ್ಕೊಳ್ಳೋದನ್ನ ನಾಗರಿಕರ ಕರ್ತವ್ಯಗಳಲ್ಲಿ ಸೇರಿಸಿದ್ರು. ಕಾಗದದ ಮೇಲೆ ಅದು ನನಗೂ ನಿಮಗೂ ಸೇರಿದ ಕರ್ತವ್ಯವೇ.

ಶಿವಗಂಗೆ ವಿಷಯಾನೂ ಇಲ್ಲೇ ಹೇಳಿಬಿಡ್ತೀನಿ. ನಮ್ಮ ಜಿಲ್ಲೆದೇ, ನೆಲಮಂಗಲ ತಾಲ್ಲೂಕು. ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ತಿಕ್ಕಿದ್ರೆ ಬೆಣ್ಣೆ ಆಗುತ್ತೆ ಅಂತ ನಾವೆಲ್ಲ ಹೋಗಿ ಪ್ರಸಾದ ತಂದಿದೀವಿ, ನಾನೂ ಕಂಡಿದೀನಿ. ಈಗ ನಮ್ಮತ್ತೆಯ ಇನ್ನೊಂದು ಕೆಲಸ ನೆನಪು ಮಾಡ್ಕೊಳ್ಳಿ. ನೂಲು ಬಿಚ್ಚೋರ ಕೈ ದಿನವೆಲ್ಲ ಬಿಸಿನೀರಲ್ಲಿದ್ದು ಸುಲಿದು ಹೋಗ್ತಿತ್ತು. ಅದಕ್ಕೆ ಅತ್ತೆ ತಾಮ್ರದ ತಟ್ಟೇಲಿ ತುಪ್ಪ ಹಾಕಿ, ತಣ್ಣೀರು ಹುಯ್ದು ಅಂಗೈಯಲ್ಲಿ ತಿಕ್ಕಿ ತಿಕ್ಕಿ ನೀರು ಬಸೀತಿದ್ರು. ಹಳದಿ ತುಪ್ಪ ಸ್ವಲ್ಪ ಹೊತ್ತಿಗೆ ಬೆಳ್ಳಗೆ, ಮೆತ್ತಗೆ, ಥೇಟ್ ಬೆಣ್ಣೆ. ಆಯುರ್ವೇದದಲ್ಲಿ ಹಿಂಗೆ ನೂರು ಸಲ ತೊಳೆದ ತುಪ್ಪಕ್ಕೆ ಶತಧೌತ ಘೃತ ಅಂತಲೇ ಹೆಸರಿದೆ. ಬೆಣ್ಣೆ ಕಂಡ್ವಿ ಅನ್ನೋರು ಸುಳ್ಳಾಡಲ್ಲ, ಬೆಣ್ಣೆಯಂಥದ್ದನ್ನ ಕಂಡಿದಾರೆ. ತಣ್ಣನೆ ಕಲ್ಲು, ನೀರು, ತಿಕ್ಕೋ ಕೈ ಇವು ಎದುರಿಗೇ ಇದ್ರೂ ಲೆಕ್ಕಕ್ಕೆ ತಗೊಂಡಿರಲ್ಲ. ನಾನು ಮೊನ್ನೆ ಮನೇಲೇ ಮಾಡಿ ನೋಡಿದೆ, ನೀವೂ ಮಾಡಿ.

ಇಷ್ಟು ಓದಿ, ಇವಳು ದೇವರು ಬೇಡ ಅಂತಾಳೆ ಅಂದ್ಕೋಬೇಡಿ. ನನ್ನ ತಮ್ಮ ವರ್ಷ ವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗ್ತಾನೆ. 2011ರ ಜನವರಿ 14ರಂದು ಮಕರಜ್ಯೋತಿ ನೋಡಿ ವಾಪಸ್ ಬರೋವಾಗ ಪುಲ್ಲುಮೇಡಿನಲ್ಲಿ ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಜನ ತೀರಿಹೋದ್ರು, ನಮ್ಮ ಕರ್ನಾಟಕದೋರೂ ಇದ್ರು. ಆ ರಾತ್ರಿ ತಮ್ಮನ ಫೋನ್ ಬರೋವರೆಗೆ ನಮ್ಮಮ್ಮ ಬಾಗಿಲಲ್ಲೇ ಕೂತಿದ್ರು. ಆಮೇಲೆ ಕೇರಳ ಹೈಕೋರ್ಟು, ಆ ಜ್ಯೋತಿ ತಾನಾಗೇ ಬರೋದಾ, ಮನುಷ್ಯರು ಹಚ್ಚೋದಾ ಅಂತ ಕೇಳ್ತು. ಪೊನ್ನಂಬಲಮೇಡಿನಲ್ಲಿ ಕಾಣೋ ಬೆಳಕು ಮನುಷ್ಯರು ಹಚ್ಚೋದೇ ಅಂತ ತಿರುವಾಂಕೂರು ದೇವಸ್ವಂ ಬೋರ್ಡಿನೋರು ಒಪ್ಕೊಂಡ್ರು. ಬೆಟ್ಟದ ಮೇಲೆ ಬೆಳಕು ಕಂಡ ಲಕ್ಷ ಲಕ್ಷ ಜನ ನಿಜವಾಗ್ಲೂ ಬೆಳಕನ್ನೇ ಕಂಡಿದ್ರು. ಯಾರು ಹಚ್ಚಿದ್ರು ಅನ್ನೋದು ಆ ದೂರಕ್ಕೆ ಕಾಣೋದಲ್ಲ.

ಇನ್ನು ಹೋಗಲ್ವೇನೋ ಅಂತ ತಮ್ಮನ್ನ ಕೇಳಿದೆ. "ಯಾಕಕ್ಕ? ಮನೆ ದೀಪ ನಾವೇ ಹಚ್ಚಿ ನಾವೇ ಕೈ ಮುಗಿಯಲ್ವಾ? ನಾನು ಹೋಗೋದು ಅಯ್ಯಪ್ಪನ್ನ ನೋಡೋಕೆ. ಆದ್ರೆ ಆ ಬೆಟ್ಟದ ಮೇಲೆ ಜ್ಯೋತಿಗೋಸ್ಕರ ನೂಕಾಡೋಕೆ ನಿಲ್ಲಲ್ಲ" ಅಂದ. ಅವನ ಮಾತು ನನಗೆ ಸರಿ ಅನ್ನಿಸ್ತು. ನಮ್ಮತ್ತೆಯೂ ಆ ಗುರುವಾರ ಸೆರಗು ಒತ್ತಿ ನೋಡಿ ಬಂದು, ಮಾರನೇ ಸಂಕಷ್ಟಿಗೆ ಅದೇ ಗಣೇಶನಿಗೆ ಗರಿಕೆ ತಗೊಂಡು ಹೋಗಿದ್ರು. ಹಾಲು ಕುಡೀಲಿಲ್ಲ ಅಂತ ಅವರ ದೇವರೇನೂ ಕಮ್ಮಿ ಆಗಿರಲಿಲ್ಲ.

ಈಗ ನಾದಿನಿ ವಿಷಯಕ್ಕೆ ಬರ್ತೀನಿ. ನನ್ನ ಬೆಳ್ಳಿ ಚಮಚದ ಕತೆ ಅವಳ ಮುಂದೆ ಪೂರ್ತಿ ಒಪ್ಪಿಸಿದೆ. ನಕ್ಕಳು. ಆಮೇಲೆ ಇಬ್ರೂ ಕೂತು ತೀರ್ಥದ ಸುದ್ದಿ ಎಲ್ಲಿಂದ ಬಂತು ಅಂತ ಹುಡುಕಿದ್ವಿ. ಅವಳಿಗೆ ಹೇಳಿದ್ದು ಪಕ್ಕದ ಮನೆಯಾಕೆ. ಆಕೆಗೆ ಹೇಳಿದ್ದು ಅವರಕ್ಕ. ಅಕ್ಕನಿಗೆ ಹೇಳಿದ್ದು ಅವರ ಬೀಗಿತ್ತಿ. ನಿಮಗೆ "ನಾಳೆ ಬಾ" ನೆನಪಿರಬೇಕು. 90ರ ದಶಕದಲ್ಲಿ ದೆವ್ವ ಬಂದು ಬಾಗಿಲು ತಟ್ಟುತ್ತೆ ಅಂತ ಬೆಂಗಳೂರಿಂದ ನಮ್ಮ ಹಳ್ಳಿಗಳವರೆಗೆ ಗೋಡೆ ಗೋಡೆ ಮೇಲೆ "ನಾಳೆ ಬಾ" ಅಂತ ಬರೆದಿದ್ವಿ. ಯಾರನ್ನ ಕೇಳಿದ್ರೂ ಪಕ್ಕದ ಬೀದಿಯೋರಿಗೆ ಆಯ್ತಂತೆ ಅನ್ನೋರು. ನಮ್ಮ ಮನೆ ಬಾಗಿಲೇ ತಟ್ಟಿತು ಅಂದೋರು ನನಗೆ ಒಬ್ರೂ ಸಿಗಲಿಲ್ಲ. ತೀರ್ಥದ ದಾರಿಯೂ ಹಂಗೇ ಹೋಗ್ತಿತ್ತು. ಆದ್ರೂ ಬಿಡದೆ ನಾಲ್ಕು ಫೋನ್ ಮಾಡಿ ವಾಸಿ ಆದ ಆಕೆಯನ್ನೇ ಹಿಡಿದ್ವಿ. ಪಾಪ, ಒಳ್ಳೇ ಹೆಂಗಸು. ತೀರ್ಥ ಕುಡಿದಿದ್ದು ನಿಜ ಅಂದ್ರು. "ಮಾತ್ರೆ?" ಅಂದೆ. "ಮಾತ್ರೆ ಬಿಡೋಕಾಗುತ್ತಾ ತಾಯಿ? ಅದೂ ತಗೋತೀನಿ. ಅನ್ನ ಬಿಟ್ಟು ಮುದ್ದೆ ಊಟ, ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಡೀತೀನಿ" ಅಂದ್ರು. ನಾಲ್ಕು ಬಾಯಿ ದಾಟೋವಾಗ ಮಾತ್ರೆ, ಮುದ್ದೆ, ಕೆರೆ ಏರಿ ಎಲ್ಲ ಉದುರಿಹೋಗಿ ತೀರ್ಥ ಒಂದೇ ಉಳಿದಿತ್ತು.

ಮಾರನೇ ಬೆಳಿಗ್ಗೆ ಯಜಮಾನರ ಮಿಷನ್ನಿನಲ್ಲಿ ಅವಳ ಬೆರಳು ಚುಚ್ಚಿ ನೋಡಿದ್ರೆ ಬರೀ ಹೊಟ್ಟೇಲಿ 286. "ಮಿಷನ್ ಕೆಟ್ಟಿರಬಹುದು, ಲ್ಯಾಬಿಗೆ ಹೋಗೋಣ" ಅಂದ್ಲು. ಹೋದ್ವಿ, ಅಲ್ಲೂ ಹೆಚ್ಚೂಕಮ್ಮಿ ಅಷ್ಟೇ ಬಂತು. ವಾಪಸ್ ಬರ್ತಾ ಆಟೋದಲ್ಲಿ ಅವಳಿಗೆ ಹೇಳಿದೆ, "ಮಿಷನ್ನನ್ನ ಎರಡನೇ ಸಲ ಪರೀಕ್ಷೆ ಮಾಡಿದ್ಯಲ್ಲ, ಅದು ಸರಿ. ತೀರ್ಥಕ್ಕೂ ಅಷ್ಟೇ ಮಾಡ್ಬೇಕಿತ್ತು ಕಣೆ." ಏನೂ ಮಾತಾಡಲಿಲ್ಲ. ಡಾಕ್ಟರ ಹತ್ರ ಹೋದ್ವಿ, ಮಾತ್ರೆ ಮತ್ತೆ ಶುರುವಾಯ್ತು. ತೀರ್ಥವನ್ನೂ ಒಂದು ಗುಟುಕು ತಗೋತಾಳೆ. ತಗೊಳ್ಳಲಿ, ಅದಕ್ಕೆ ನಾನು ಅಡ್ಡ ಬರಲ್ಲ.

ನಮ್ಮ ರಾಜ್ಯದಲ್ಲಿ 2017ರಲ್ಲಿ ಒಂದು ಕಾನೂನು ಮಾಡಿ 2020ರಿಂದ ಜಾರಿಗೆ ತಂದಿದಾರೆ. ನಾಯಿ, ಹಾವು, ಚೇಳು ಕಚ್ಚಿದೋರನ್ನ ಆಸ್ಪತ್ರೆಗೆ ಬಿಡದೆ ಮಂತ್ರ ಹಾಕ್ತೀನಿ ಅನ್ನೋದು ಅದರ ಪ್ರಕಾರ ಅಪರಾಧ. ಪೂಜೆ, ಯಾತ್ರೆ, ಭಜನೆ, ಹರಿಕತೆಗೆ ಅದು ಏನೂ ತಡೆ ಮಾಡಲ್ಲ. ಆದ್ರೆ ಊಟದ ಹೊತ್ತಲ್ಲಿ ನಮ್ಮ ನಮ್ಮೊಳಗೆ ಹೇಳ್ಕೊಳ್ಳೋ ಕತೆಗೆ ಯಾವ ಕಾನೂನು ಬರುತ್ತೆ? ಅದನ್ನ ನಾವೇ ನೋಡ್ಕೋಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಯಾರು ನೋಡಿದ್ರು, ಎಷ್ಟು ನೋಡಿದ್ರು, ಆಮೇಲೆ ಯಾರಾದ್ರೂ ಸೆರಗು ಒತ್ತಿ ನೋಡಿದ್ರಾ, ಇಷ್ಟು ಕೇಳಿದ್ರೆ ಸಾಕು. ಯಾರ ಭಕ್ತಿಯೂ ಮುಕ್ಕಾಗಲ್ಲ.

ಕೊನೇದಾಗಿ, ಗಣೇಶ ಹಾಲು ಕುಡಿದ ಕತೆ ನನ್ನಿಂದ ಕೇಳಿದೋರೆಲ್ಲ ದಯವಿಟ್ಟು ಇಷ್ಟು ತಿದ್ದ್ಕೊಳ್ಳಿ: ನಾನು ಕುಡಿಸಲಿಲ್ಲ. ಅಳೋ ಮಗು ಎತ್ತ್ಕೊಂಡು ಹಿಂದೆ ನಿಂತಿದ್ದೆ. ಜನ ಕೂಗಿದ್ದು ಕೇಳಿಸ್ತು, ನಾನೂ ಕೂಗಿದೆ. ನೀವು ಇದನ್ನ ಬೇರೆಯೋರಿಗೆ ಹೇಳಿದ್ರೆ ಅವರಿಗೂ ಹೇಳಿಬಿಡಿ. ಅವತ್ತು ನೀವೂ ಗುಡೀಲಿದ್ರೆ, ನನ್ನ ಜೊತೆ ಮಾತಾಡೋಕೆ ಮುಂಚೆ ನಿಮಗೆ ನೆನಪಿರೋದನ್ನ ಬರೆದಿಟ್ಕೊಂಡು ಫೋನ್ ಮಾಡಿ. ಮುಂದಿನ ಸಲ ಹುರುಳಿಕಾಳು ಬಸ್ಸಾರು ಬರೀತೀನಿ.